ಯುಸಿಎಲ್‌ಎ ಹುಡುಗರ ಬಿಗ್ ಟೆನ್ ಮೊದಲ ವರ್ಷ: ಸೋತದ್ದು ಪ್ರಯಾಣಕ್ಕಾ, ಎದುರಾಳಿಗಾ?

ಬೆಟ್ಟದಮನೆ_ಶಿರಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ರಿಕೆಟ್, ಕಬಡ್ಡಿ ಬಿಟ್ಟು ಬೇರೆ ಆಟ ಮಾತಾಡುವವರು ಕಮ್ಮಿ ಅಂತ ಗೊತ್ತು. ಆದರೂ ಕೇಳುತ್ತೇನೆ, ಯಾರಾದರೂ ಒಬ್ಬರು ಸಿಕ್ಕಾರು.

ಮಗಳು ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಓದುತ್ತಿದ್ದಾಳೆ. ಅವಳು ಹೋದ ಮೇಲೆ ನನಗೆ ಅಲ್ಲಿಯ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. ಅಲ್ಲಿ ರಾತ್ರಿ ಏಳೂವರೆಗೆ ಆಟ ಶುರುವಾದರೆ ನಮಗೆ ಮರುದಿನ ಬೆಳಿಗ್ಗೆ ಒಂಬತ್ತು. ಜನವರಿ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಅಂಗಳದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ನಾನು ಒಲೆಗೆ ಕಟ್ಟಿಗೆ ತಳ್ಳುತ್ತಾ ಫೋನನ್ನು ತೊಗರಿನ ಕೊಡಕ್ಕೆ ಒರಗಿಸಿ ಮ್ಯಾಚ್ ನೋಡುತ್ತೇನೆ. ಮಿಶಿಗನ್ ಎದುರಿನ ಮ್ಯಾಚ್ ದಿನ ಹಬೆ ಹೊಡೆದು ಪರದೆ ಮೇಲೆ ಸ್ಕೋರೇ ಕಾಣಲಿಲ್ಲ. ಪಂಚೆ ತುದಿಯಲ್ಲಿ ಒರೆಸಿ ನೋಡಿದೆ, ನಮ್ಮವರು ಪೂರಾ ಹಿಂದೆ ಬಿದ್ದಿದ್ದರು. ಒರೆಸದಿದ್ದರೇ ಚೆನ್ನಾಗಿತ್ತು.

ವಿಷಯ ಇಷ್ಟು. 2024ರ ಆಗಸ್ಟ್‌ವರೆಗೆ ಯುಸಿಎಲ್‌ಎ ಇದ್ದದ್ದು ಪ್ಯಾಕ್-12 ಎಂಬ ಕಾನ್ಫರೆನ್ಸ್‌ನಲ್ಲಿ, ಅಂದರೆ ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಗುಂಪಿನಲ್ಲಿ. ಎಲ್ಲ ಅಮೆರಿಕದ ಪಶ್ಚಿಮದ ಕಾಲೇಜುಗಳೇ. ಈಗ ಬಿಗ್ ಟೆನ್. ಹೆಸರಲ್ಲಿ ಹತ್ತು, ಇರುವುದು 18 ತಂಡ, ಅದರಲ್ಲಿ 14 ತಂಡ ದೇಶದ ನಡುವಿಗೋ ಪೂರ್ವಕ್ಕೋ ಇವೆ. ಹೋದ ಕೂಡಲೇ ಜನವರಿಯಲ್ಲಿ ಸಾಲಾಗಿ ನಾಲ್ಕು ಸೋತರು: ನೆಬ್ರಾಸ್ಕಾ, ಮಿಶಿಗನ್, ಮೇರಿಲ್ಯಾಂಡ್, ರಟ್ಗರ್ಸ್. ಕೊನೆಯದ್ದು ನಮಗೆ ಸಂಕ್ರಾಂತಿ ಬೆಳಿಗ್ಗೆ ಬಂತು. ಸಂಕ್ರಾಂತಿ ಕಾಳು ಬಾಯಿಗೆ ಹಾಕಿಕೊಂಡು 75-68ರ ಸೋಲು ನೋಡಿದೆ. ಕೋಚ್ ಮಿಕ್ ಕ್ರೋನಿನ್ ಆಗ ಪ್ರಯಾಣದ ಬಗ್ಗೆ ಗೊಣಗಿದ, ಮೂರು ವಾರದಲ್ಲಿ ಎರಡು ಸಲ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ ನೋಡಿದ್ದಾಯ್ತು ಅಂತ. ಮಗಳೂ ಅದನ್ನೇ ಹೇಳುತ್ತಾಳೆ: ‘ಅಪ್ಪ, ಹುಡುಗರು ವಿಮಾನದಲ್ಲೇ ಸುಸ್ತಾಗಿದ್ದಾರೆ.’

ಕೊನೆಗೆ ಒಟ್ಟು 23 ಗೆಲುವು, 11 ಸೋಲು. ಕಾನ್ಫರೆನ್ಸ್‌ನಲ್ಲಿ 13-7, ಪರ್ಡ್ಯೂ ಮತ್ತು ವಿಸ್ಕಾನ್ಸಿನ್ ಜೊತೆ ನಾಲ್ಕನೇ ಸ್ಥಾನ. ಸೀಸನ್ ಕೊನೆಗೆ ಇಡೀ ದೇಶದ ಆಯ್ದ ಕಾಲೇಜು ತಂಡಗಳು ಆಡುವ ಎನ್‌ಸಿಎಎ ಟೂರ್ನಿಯಲ್ಲಿ ಯೂಟಾ ಸ್ಟೇಟನ್ನು 72-47ರಲ್ಲಿ ಹೊಡೆದು, ಮುಂದಿನ ಮ್ಯಾಚಿನಲ್ಲಿ ಟೆನಿಸ್ಸಿಗೆ 67-58ರಲ್ಲಿ ಸೋತು ಮನೆಗೆ.

ನಾನೂ ಕಾಲೇಜಿಗೆ ಆಡಿದವನೇ. ಶಿರಸಿಯಿಂದ ಧಾರವಾಡಕ್ಕೆ ಯೂನಿವರ್ಸಿಟಿ ಮ್ಯಾಚಿಗೆ ಹೋಗುವುದೇ ನಮಗೆ ದೊಡ್ಡ ಪ್ರಯಾಣ. ಸೋತು ಬಂದರೆ ತಪ್ಪೆಲ್ಲ ಬಸ್ಸಿನ ತಲೆಗೆ ಕಟ್ಟುತ್ತಿದ್ದೆವು. ಅದು ಸುಳ್ಳು ಅಂತ ನಮಗೇ ಗೊತ್ತಿರುತ್ತಿತ್ತು. ಅದಕ್ಕೇ ಈ ಕೋಚ್ ಮಾತಿನ ಮೇಲೂ ಅನುಮಾನ. ನಿಜವಾಗಿ ಪ್ರಯಾಣದಿಂದ ಸೋತರಾ? ಮತ್ತೆ ಈ 23-11 ಅನ್ನುವುದು ಒಳ್ಳೇ ಸೀಸನ್ನಾ, ಸುಮಾರಾ? ಮಗಳ ಹತ್ತಿರ ವಾದ ಮಾಡಲು ಸ್ವಲ್ಪ ಸರಕು ಬೇಕು.

ಕಾಳಿ_ದಂಡೆ (ಕಾರವಾರ)

ಅಣ್ಣಾ, ನಿಮ್ಮ ಹಾಗೆಯೇ ನಾನೂ ಒಬ್ಬ ಇದ್ದೇನೆ, ಕೋಡಿಬಾಗದಲ್ಲಿ. ಮಳೆ ಅಂತ ಅಂಗಡಿಗೆ ಗಿರಾಕಿ ಇಲ್ಲ, ಹಳೇ ಬಿಲ್ ಪುಸ್ತಕದ ಹಿಂದೆ ಬಿಗ್ ಟೆನ್‌ನ 20 ಮ್ಯಾಚನ್ನೂ ಬರೆದು ಕೂತೆ. ನಿಮ್ಮ ಮಗಳ ಮಾತಿನಲ್ಲಿ ಹುರುಳಿದೆ.

ಮನೆಯಲ್ಲಿ, ಅಂದರೆ ಪಾಲಿ ಪೆವಿಲಿಯನ್‌ನಲ್ಲಿ, ಹತ್ತರಲ್ಲಿ ಎಂಟು ಗೆಲುವು. ಹೊರಗೆ ಹತ್ತರಲ್ಲಿ ಐದು. ಇಲ್ಲಿಗೆ ನಿಲ್ಲಿಸಿದರೆ ಏನೂ ವಿಶೇಷ ಇಲ್ಲ, ಹೊರಗೆ ಹೋಗಿ ಎಲ್ಲರೂ ಸೋಲುತ್ತಾರೆ. ಆದರೆ ಹೊರಗಿನ ಆ ಹತ್ತನ್ನು ಒಡೆದು ನೋಡಿ. ಆರೆಗನ್, ವಾಷಿಂಗ್ಟನ್, ಯುಎಸ್‌ಸಿ, ಈ ಮೂರೂ ತಮ್ಮದೇ ಕರಾವಳಿಯ ಪಕ್ಕದ ಮನೆಗಳು. ಯುಎಸ್‌ಸಿ ಅಂತೂ ಅದೇ ಊರು. ಮೂರಕ್ಕೆ ಮೂರೂ ಗೆದ್ದರು. ದೂರ ಹಾರಿಹೋದದ್ದು ಏಳು ಸಲ: ನೆಬ್ರಾಸ್ಕಾ, ಮೇರಿಲ್ಯಾಂಡ್, ರಟ್ಗರ್ಸ್, ಇಲಿನಾಯ್, ಇಂಡಿಯಾನಾ, ಪರ್ಡ್ಯೂ, ನಾರ್ತ್‌ವೆಸ್ಟರ್ನ್. ಗೆದ್ದದ್ದು ಎರಡೇ, ಇಂಡಿಯಾನಾದಲ್ಲಿ 72-68, ನಾರ್ತ್‌ವೆಸ್ಟರ್ನ್‌ನಲ್ಲಿ 73-69. ಎರಡೂ ನಾಲ್ಕೇ ಅಂಕದಲ್ಲಿ.

ಇನ್ನೊಂದು. ಆ ನಾಲ್ಕು ಸೋಲಿನ ಮೇಲೆ ಸಾಲಾಗಿ ಏಳು ಗೆದ್ದರಲ್ಲ, ಅಯೋವಾ ಎದುರು 94-70ರಿಂದ ಶುರುವಾಗಿ? ಎಲ್ಲರೂ ಕೋಚ್ ಬೈದದ್ದಕ್ಕೆ ಹುಡುಗರು ಎಚ್ಚರಾದರು ಅಂತ ಬರೆದರು. ಆ ಏಳೂ ಮ್ಯಾಚ್ ಎಲ್ಲಿ ನಡೆದವು ನೋಡಿ. ಐದು ಮನೆಯಲ್ಲಿ, ಒಂದು ವಾಷಿಂಗ್ಟನ್ ತಂಡದ ಊರು ಸಿಯಾಟಲ್‌ನಲ್ಲಿ, ಒಂದು ಯುಎಸ್‌ಸಿಯಲ್ಲಿ. ಸುಮಾರು ಮೂರೂವರೆ ವಾರ ಅವರು ಗಡಿಯಾರದ ಮುಳ್ಳು ತಿರುಗಿಸಲೇ ಇಲ್ಲ. ಅಷ್ಟಾದ ಮೇಲೆ ಮೊದಲ ಸಲ ಇಲಿನಾಯ್‌ಗೆ ಹಾರಿದರು, ಸೋತರು, 83-78.

ಲಾಸ್ ಏಂಜಲೀಸ್‌ನಿಂದ ರಟ್ಗರ್ಸ್ ಕಡೆಯ ನ್ಯೂಅರ್ಕ್‌ಗೆ 3,900 ಕಿಲೋಮೀಟರ್ ಹತ್ತಿರ. ರಸ್ತೆ ಲೆಕ್ಕದಲ್ಲಿ ಕಾರವಾರದಿಂದ ದಿಲ್ಲಿಗೆ ಹೋಗಿ, ಒಂದು ಚಾ ಕುಡಿದು, ತಿರುಗಿ ಬಂದ ಹಾಗೆ. ನಾವಿಲ್ಲಿ ಕಾಳಿ ಸೇತುವೆ ಬಿದ್ದ ಮೇಲೆ ಸದಾಶಿವಗಡಕ್ಕೆ ಹೋಗಲೇ ಗೊಣಗಿದವರು.

ಕುಮಟೆ_ಕಡೆಯವ

ಕಾರವಾರದವರ ಲೆಕ್ಕ ಚೆಂದ ಇದೆ. ಆದರೆ ಬೇಕಾದ ಪುಟ ಮಾತ್ರ ಓದಿದ ಹಾಗಿದೆ ಮಾರಾಯ್ರೆ.

ಮಿಶಿಗನ್ ಮ್ಯಾಚನ್ನೇ ತಗೊಳ್ಳಿ. ಜನವರಿ 7, ಆಟ ಇದ್ದದ್ದು ಪಾಲಿಯಲ್ಲಿ. ದೂರದಿಂದ ಬಂದವರು ಯಾರು? ಮಿಶಿಗನ್‌ನವರು. ಅವರು ಬಂದು ಮೊದಲು ಯುಎಸ್‌ಸಿಯನ್ನು ಹೊಡೆದರು, ಮೂರು ದಿನ ಬಿಟ್ಟು ಇವರನ್ನು 94-75ರಲ್ಲಿ ಹೊಡೆದರು, ಗಂಟು ಕಟ್ಟಿಕೊಂಡು ಹೋದರು. ಮೂರು ಗಂಟೆಯ ಸಮಯ ವ್ಯತ್ಯಾಸ ಅವರಿಗೂ ಇತ್ತಲ್ಲ? ಫೆಬ್ರವರಿಯಲ್ಲಿ ಮಿನೆಸೋಟಾದವರೂ ಹಾಗೆಯೇ ಬಂದು 64-61ಕ್ಕೆ ಗೆದ್ದರು. ಅವರು ಪಟ್ಟಿಯ ಕೆಳಗಿನ ಕಡೆ ಇದ್ದ ತಂಡ. ಮನೆಯಲ್ಲಿ ಸೋತ ಎರಡೂ ಮ್ಯಾಚ್ ವಿಮಾನದಿಂದ ಇಳಿದು ಬಂದವರ ಎದುರೇ.

ಮಿಶಿಗನ್ ಆ ದಿನ ಗೆದ್ದದ್ದು ಉದ್ದದಿಂದ. ಗೋಲ್ಡಿನ್, ವುಲ್ಫ್ ಅಂತ ಏಳಡಿಯ ಇಬ್ಬರನ್ನು ಒಟ್ಟಿಗೆ ಇಳಿಸಿದರು. ಇವರ ಹತ್ತಿರವೂ ಏಳಡಿ ಮೂರು ಇಂಚಿನ ಸ್ಪೇನ್ ಹುಡುಗ ಅಡಾಯ್ ಮಾರಾ ಇದ್ದ, ಆದರೆ ಜಾಸ್ತಿ ಹೊತ್ತು ಬೆಂಚಿನ ಮೇಲೆ. ಎರಡು ವಾರ ಬಿಟ್ಟು ವಿಸ್ಕಾನ್ಸಿನ್ ಎದುರು ಸರಿಯಾಗಿ ಆಡಿಸಿದರು, 22 ಅಂಕ ಹಾಕಿದ, 85-83ರಲ್ಲಿ ಗೆದ್ದರು. ಇದರಲ್ಲಿ ವಿಮಾನದ ತಪ್ಪು ಏನಿದೆ? ಬಿಗ್ ಟೆನ್ ಅಂದರೆ ಮೈಗೆ ಮೈ ತಾಗಿಸಿ ಆಡುವ ಜಾಗ. ಅದು ಅರ್ಥ ಆಗಲು ಕೋಚ್‌ಗೆ ಅರ್ಧ ಸೀಸನ್ ಬೇಕಾಯ್ತು.

ಇನ್ನು ಆ ಪ್ರತಿಮೆ ಮಾತು. ಎರಡು ಸಲದಲ್ಲಿ ಮೊದಲನೇ ಸಲ ಡಿಸೆಂಬರ್ 21ಕ್ಕೆ ನಾರ್ತ್ ಕ್ಯಾರೊಲೈನಾ ಎದುರು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡಲು ಹೋದದ್ದು. 76-74ರಲ್ಲಿ ಸೋತರು. ಅದು ಬಿಗ್ ಟೆನ್ ಮ್ಯಾಚೇ ಅಲ್ಲ! ತಾವೇ ಒಪ್ಪಿಕೊಂಡು ಹೋದ ಆಟ. ಮದುವೆ ಊಟಕ್ಕೆ ನಾವೇ ಹೋಗಿ ಹೊಟ್ಟೆನೋವು ಅಂತ ಬೀಗರನ್ನು ಬೈದ ಹಾಗೆ.

ಈ ಕಾನ್ಫರೆನ್ಸಿಗೆ ಇವರನ್ನು ಯಾರೂ ಎಳೆದುಕೊಂಡು ಹೋಗಿಲ್ಲ ಅನ್ನುವುದನ್ನೂ ಮರೆಯಬಾರದು. 2022ರ ಜೂನ್ 30ಕ್ಕೆ ಯುಎಸ್‌ಸಿ ಜೊತೆ ಸೇರಿ ತಾವೇ ಹೊರಟದ್ದು. ಆ ಆಗಸ್ಟ್‌ನಲ್ಲಿ ಬಿಗ್ ಟೆನ್ ಮಾಡಿಕೊಂಡ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಜಾಸ್ತಿ. ಇವರು ಹೋದದ್ದಕ್ಕೆ ಅದೇ ವಿಶ್ವವಿದ್ಯಾಲಯ ವ್ಯವಸ್ಥೆಯ ಬರ್ಕ್ಲಿಗೆ ನಷ್ಟ ಆಯ್ತು ಅಂತ ಆಡಳಿತ ಮಂಡಳಿ ವರ್ಷಕ್ಕೆ 1 ಕೋಟಿ ಡಾಲರ್ ಕೊಡಿ ಎಂದಿತು. ಹಿಸ್ಸೆಯಾಗಿ ಹೊರಟ ಅಣ್ಣ ಮನೆಯಲ್ಲಿ ಉಳಿದ ತಮ್ಮನಿಗೆ ಜೀವನಾಂಶ ಕೊಟ್ಟ ಹಾಗೆ. ದುಡ್ಡು ಎಣಿಸಿಕೊಂಡ ಮೇಲೆ ದಾರಿ ದೂರ ಅಂತ ಅಳುವುದು ಸರಿಯಾ? ಪಾಪ, ದುಡ್ಡು ಎಣಿಸಿದವರು ಬೇರೆ, ವಿಮಾನದಲ್ಲಿ ಕೂತವರು ಬೇರೆ, ಅದು ಒಪ್ಪುತ್ತೇನೆ.

ಹೊನ್ನಾವರ_ಟು_ಸಿಯಾಟಲ್

ಶಿರಸಿಯವರೇ, 23-11 ಒಳ್ಳೇ ಸೀಸನ್ನಾ ಅಂತ ನೀವು ಕೇಳುತ್ತಿದ್ದೀರಿ. ನಾನು ವಾಷಿಂಗ್ಟನ್ ತಂಡದ ಅಭಿಮಾನಿ. ನಮ್ಮದೂ ಅದೇ ಹೊಸ ಕಾನ್ಫರೆನ್ಸ್, ಅದೇ ವಿಮಾನ, ಅದೇ ವರ್ಷ. ನಾವು 4-16. 18 ತಂಡದಲ್ಲಿ 18ನೇ ಸ್ಥಾನ. ಕಾನ್ಫರೆನ್ಸಿನ ಕೊನೆಯ ಟೂರ್ನಿಗೆ ಆ ವರ್ಷ 15 ತಂಡಕ್ಕೆ ಮಾತ್ರ ಪ್ರವೇಶ ಇತ್ತು, ನಮಗೆ ಬಾಗಿಲಲ್ಲೇ ತಡೆ. ನಿಮ್ಮ ದುಃಖ ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಪಶ್ಚಿಮದಿಂದ ಹೋದ ನಾಲ್ವರಲ್ಲಿ ಯುಸಿಎಲ್‌ಎ 13-7, ಆರೆಗನ್ 12-8, ಯುಎಸ್‌ಸಿ 7-13, ಮತ್ತೆ ನಾವು. ಕೂಡಿಸಿದರೆ 36 ಗೆಲುವು, 44 ಸೋಲು. ಪ್ರಯಾಣವೇ ಎಲ್ಲ ಆಗಿದ್ದರೆ ನಾಲ್ವರಿಗೂ ಒಂದೇ ಗತಿ ಆಗಬೇಕಿತ್ತು. ಆರೆಗನ್‌ನವರು ಎನ್‌ಸಿಎಎಗೆ 5ನೇ ಸೀಡ್ ಆಗಿ ಹೋದರು, ಯುಸಿಎಲ್‌ಎ 7ನೇ ಸೀಡ್ (ಸೀಡ್ ಅಂದರೆ ಟೂರ್ನಿಯಲ್ಲಿ ಕೊಡುವ ಶ್ರೇಯಾಂಕ). ಹಿಂದಿನ ವರ್ಷ, ಹಳೇ ಕಾನ್ಫರೆನ್ಸಿನಲ್ಲಿ, ಪಕ್ಕದಲ್ಲೇ ಆಡಿಕೊಂಡು ಯುಸಿಎಲ್‌ಎ 16-17 ಆಗಿತ್ತು, ಗೊತ್ತಲ್ಲ? ಎನ್‌ಸಿಎಎ ಟೂರ್ನಿಗೇ ಹೋಗಿರಲಿಲ್ಲ. ಅದರ ಮೇಲೆ ಅರ್ಧ ತಂಡವನ್ನು ಬೇರೆ ಕಾಲೇಜುಗಳಿಂದ ತಂದು ಹೊಸದಾಗಿ ಕಟ್ಟಿದರು. ಕೋಬಿ ಜಾನ್ಸನ್ ಅಂತೂ ಸೀದಾ ಯುಎಸ್‌ಸಿಯಿಂದ, ಬದ್ಧವೈರಿ ಮನೆಯಿಂದ, ಬಂದವನು. ಆ ಲೆಕ್ಕದಲ್ಲಿ ಇದು ಒಳ್ಳೇ ಸೀಸನ್ನೇ. ಆದರೆ ಯುಸಿಎಲ್‌ಎಗೆ 11 ರಾಷ್ಟ್ರೀಯ ಪ್ರಶಸ್ತಿ ಇದೆ, ಅದರಲ್ಲಿ 10 ಜಾನ್ ವುಡನ್ 1964ರಿಂದ 1975ರ ಒಳಗೆ ತಂದದ್ದು. ಅಲ್ಲಿಯ ಹಳಬರಿಗೆ ಎರಡನೇ ಸುತ್ತು ಅಂದರೆ ಊಟಕ್ಕೆ ಕೂತು ಉಪ್ಪಿನಕಾಯಿ ಬಡಿಸಿದಾಗಲೇ ಎದ್ದ ಹಾಗೆ.

ನನಗೆ ಬೇಜಾರು ಇರುವುದು ಬೇರೆ ವಿಷಯಕ್ಕೆ. ಪ್ಯಾಕ್-12ರಲ್ಲಿ ತಂಡಗಳು ಜೋಡಿ ಜೋಡಿ. ಒಂದೇ ಪ್ರವಾಸದಲ್ಲಿ ಗುರುವಾರ ಒಬ್ಬರ ಮನೆ, ಶನಿವಾರ ಅವರ ಪಕ್ಕದವರ ಮನೆ. ಹುಡುಗರಿಗೂ ಸಲೀಸು, ನಮಗೂ ಯಾವ ವಾರ ಯಾರು ಬರುತ್ತಾರೆ ಅಂತ ಬಾಯಿಪಾಠ. ಈಗ 17 ಎದುರಾಳಿಗಳಲ್ಲಿ ಮೂವರ ಜೊತೆ ಎರಡೆರಡು ಸಲ, 14 ಜನರ ಜೊತೆ ಒಂದೊಂದೇ ಸಲ. ಜಗಳ ಆಡಲೂ ಪರಿಚಯ ಸಾಲುವುದಿಲ್ಲ. ನಮ್ಮ ಪಕ್ಕದ ವಾಷಿಂಗ್ಟನ್ ಸ್ಟೇಟ್ ಆ ಮುರಿದ ಮನೆಯಲ್ಲೇ ಉಳಿಯಿತು. ಹಳೇ ಯುಸಿಎಲ್‌ಎ ಆಟಗಾರ ಬಿಲ್ ವಾಲ್ಟನ್ ಕಾಮೆಂಟರಿಯಲ್ಲಿ ಆ ಕಾನ್ಫರೆನ್ಸನ್ನು ಎಷ್ಟು ಹೊಗಳುತ್ತಿದ್ದ ಅಂದರೆ ನಮಗೇ ನಾಚಿಕೆ ಆಗುತ್ತಿತ್ತು. 2024ರ ಮೇ 27ಕ್ಕೆ ತೀರಿಕೊಂಡ. ಎರಡು ತಿಂಗಳು ಕಳೆದು ಇವರೆಲ್ಲ ಬಿಟ್ಟು ಹೋದದ್ದನ್ನು ಅವನು ನೋಡಬೇಕಾಗಲಿಲ್ಲ.

ಅಂಕೋಲೆ_ಪಿಟಿ_ಮಾಸ್ತರ

ಓದುತ್ತಾ ಸುಮ್ನೆ ಇರೋಣ ಅಂತಿದ್ದೆ, ಆಗಲಿಲ್ಲ. ಕಾಲೇಜು ಹುಡುಗರನ್ನು ಆಟಕ್ಕೆ ಕರೆದುಕೊಂಡು ತಿರುಗಿ ರಿಟೈರ್ ಆದವನು ನಾನು.

ಕುಮಟೆಯವರೇ, ಬಂದವರು ಗೆದ್ದರು ಅಂದ ಮಾತ್ರಕ್ಕೆ ಪ್ರಯಾಣ ಲೆಕ್ಕಕ್ಕಿಲ್ಲ ಅಂತಲ್ಲ. ಮಿಶಿಗನ್‌ನವರು ಒಂದು ಸಲ ಬಂದು, ಒಂದೇ ಊರಲ್ಲಿ ಎರಡು ಮ್ಯಾಚ್ ಮುಗಿಸಿ, ಇಡೀ ವರ್ಷಕ್ಕೆ ಕೈ ತೊಳೆದುಕೊಂಡರು. ಇವರು ಹೋಗುತ್ತಲೇ ಇರಬೇಕು. ಒಂದು ಪ್ರಯಾಣ ಯಾರಿಗೂ ಏನೂ ಮಾಡುವುದಿಲ್ಲ. ನಾಲ್ಕನೆಯದ್ದು ಮಾಡುತ್ತದೆ.

ಗಡಿಯಾರದ ವಿಷಯದಲ್ಲಿ ಜನ ತಿರುಗಾಮುರುಗಾ ತಿಳಿದುಕೊಂಡಿದ್ದಾರೆ. ಪೂರ್ವದಲ್ಲಿ ರಾತ್ರಿ ಏಳಕ್ಕೆ ಆಟ ಅಂದರೆ ಲಾಸ್ ಏಂಜಲೀಸ್ ಹುಡುಗನ ಮೈಗೆ ಸಂಜೆ ನಾಲ್ಕು. ಆಡಲು ಅದು ಒಳ್ಳೇ ಹೊತ್ತು, ಮೈ ಬಿಸಿ ಇರುತ್ತದೆ. ಪೂರ್ವದವರು ಇಲ್ಲಿಗೆ ಬಂದು ಏಳೂವರೆಗೆ ಆಡಿದರೆ ಅವರ ಮೈಗೆ ರಾತ್ರಿ ಹತ್ತೂವರೆ. ಅಂದರೆ ಆಟದ ಹೊತ್ತಿನ ಲಾಭ ಪಶ್ಚಿಮದವರಿಗೇ. ಪೆಟ್ಟು ಬೀಳುವುದು ನಿದ್ದೆಗೆ. ನಮ್ಮ ಮೈಯ ಗಡಿಯಾರಕ್ಕೆ 24 ಗಂಟೆಗಿಂತ ಸ್ವಲ್ಪ ಜಾಸ್ತಿ ಉದ್ದದ ದಿನ ಇಷ್ಟ, ಹಾಗಾಗಿ ಪಶ್ಚಿಮಕ್ಕೆ ಹೋದರೆ ಬೇಗ ಹೊಂದಿಕೊಳ್ಳುತ್ತದೆ, ಪೂರ್ವಕ್ಕೆ ಹೋದರೆ ಒದ್ದಾಡುತ್ತದೆ. ಅಲ್ಲಿ ಹನ್ನೆರಡಕ್ಕೆ ಮಲಗು ಅಂದರೆ ಇವನಿಗೆ ಇನ್ನೂ ಒಂಬತ್ತು. ಛಾವಣಿ ನೋಡಿಕೊಂಡು ಬಿದ್ದಿರುತ್ತಾನೆ. ಬೆಳಿಗ್ಗೆ ಏಳಕ್ಕೆ ಎಬ್ಬಿಸಿದರೆ ಇವನಿಗೆ ನಾಲ್ಕು ಗಂಟೆ. ಇಂಥ ಎರಡು ರಾತ್ರಿ ಆದ ಮೇಲೆ ಕಾಲು ಒಂದು ಹೆಜ್ಜೆ ತಡ. ಬಾಸ್ಕೆಟ್‌ಬಾಲ್‌ನಲ್ಲಿ ಆ ಒಂದು ಹೆಜ್ಜೆಯಲ್ಲೇ ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಬಾಲ್, ಕೈತಪ್ಪಿ ಹೋಗುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ನಾನಿದ್ದ ಕಾಲೇಜಿನಲ್ಲಿ ಹಿಂದಿನ ದಿನ ಹೋಗಿ ಉಳಿಯಲು ದುಡ್ಡು ಕೊಡುತ್ತಿರಲಿಲ್ಲ. ಮ್ಯಾಚ್ ದಿನ ನಸುಕಿಗೇ ಬಸ್ಸು. ಅರಬೈಲ್ ಘಾಟಿಯ ತಿರುವಿನಲ್ಲಿ ತಪ್ಪದೇ ಇಬ್ಬರು ವಾಂತಿ ಮಾಡುತ್ತಿದ್ದರು. ಒಬ್ಬ ಸೆಂಟರ್ ಇದ್ದ, ಉದ್ದ ಹುಡುಗ, ಮಾಗೋಡ ಕ್ರಾಸ್ ಬರುವಾಗಲೇ ನಿಂಬೆಹಣ್ಣು ಮೂಗಿಗೆ ಹಿಡಿದು ಕೂರುತ್ತಿದ್ದ. ಧಾರವಾಡದಲ್ಲಿ ಇಳಿದು, ಎರಡು ಇಡ್ಲಿ ತಿಂದು, ಸೀದಾ ಕೋರ್ಟಿಗೆ. ಮೊದಲ ಹತ್ತು ನಿಮಿಷದಲ್ಲೇ ಹದಿನಾಲ್ಕು ಅಂಕ ಹಿಂದೆ. ಆಮೇಲೆ ಸರಿಸಮ ಆಡುತ್ತಿದ್ದರು, ಆದರೆ ಆ ಹದಿನಾಲ್ಕು ತುಂಬುತ್ತಿರಲಿಲ್ಲ.

ಒಂದು ವರ್ಷ ನನಗೆ ಸಿಟ್ಟು ಬಂತು. ಸ್ವಂತ ದುಡ್ಡು ಹಾಕಿ ಹಿಂದಿನ ದಿನವೇ ಹುಡುಗರನ್ನು ಹುಬ್ಬಳ್ಳಿಗೆ ಕರೆದೊಯ್ದೆ. ನೆಂಟರೊಬ್ಬರ ಮನೆ ಮಹಡಿಯಲ್ಲಿ ಚಾಪೆ ಹಾಕಿ ಮಲಗಿಸಿದೆ. ನಾನು ನಿದ್ದೆ ಹೋದ ಮೇಲೆ ಹನ್ನೆರಡೂ ಜನ ಗೋಡೆ ಇಳಿದು ಸೆಕೆಂಡ್ ಶೋಗೆ ಹೋಗಿದ್ದಾರೆ. ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಕೆಂಡ. ಆ ವರ್ಷ ಇನ್ನೂ ಜಾಸ್ತಿ ಸೋತೆವು.

ಹಾಗಾಗಿ ಕೋಚ್ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೂರದ ಏಳರಲ್ಲಿ ಎರಡು ಗೆಲುವು ಅನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಎರಡೂ ಗೆಲುವು ಯಾವಾಗ ಬಂದವು ನೋಡಿ, ಫೆಬ್ರವರಿ ಮಧ್ಯ ಮತ್ತು ಮಾರ್ಚ್ ಮೊದಲಿಗೆ. ಜನವರಿಯ ಮೂರೂ ಸೋಲೇ. ಹುಡುಗರು ಪ್ರಯಾಣ ಮಾಡುವುದನ್ನೂ ಕಲಿಯುತ್ತಾರೆ.

ಬೆಟ್ಟದಮನೆ_ಶಿರಸಿ

ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ಗಾಳಿಮಳೆಗೆ ಕರೆಂಟ್ ಇರಲಿಲ್ಲ, ಇವತ್ತು ಫೋನ್ ಚಾರ್ಜ್ ಮಾಡಿ ಎಲ್ಲ ಓದಿದೆ.

ಕಾರವಾರದವರ ಏಳರಲ್ಲಿ ಎರಡು ಲೆಕ್ಕ ಮಗಳಿಗೆ ಕಳಿಸಿದೆ, ಖುಷಿ ಆದಳು. ಅದರ ಹಿಂದೆಯೇ ಕುಮಟೆಯವರ ಮಿಶಿಗನ್ ಮಾತನ್ನೂ ಕಳಿಸಿದೆ. ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಒಂದೇ ಸಾಲು ಬಂತು: ‘ಅಪ್ಪ, ಮಾರಾ ಈಗ ಮಿಶಿಗನ್‌ಗೇ ಹೋಗಿದ್ದಾನೆ.’ ಹೌದಾ ಅಂತ ಹುಡುಕಿದರೆ ನಿಜ. ಬೆಂಚು ಕಾಯಿಸಿದ ಹುಡುಗ ಆ ಏಳಡಿಯವರ ಮನೆಯನ್ನೇ ಸೇರಿಕೊಂಡ. ಅವನೂ ಬಿಳಿ ಜರ್ಸಿ ಬಿಚ್ಚಿಟ್ಟು ದೂರ ಹೊರಟವನೇ, ಆದರೆ ಅದನ್ನು ಪ್ರಯಾಣದ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

ನನ್ನ ಮಟ್ಟಿಗೆ ಇದು ಒಳ್ಳೇ ಸೀಸನ್. 16-17ರಿಂದ 23-11. ಹೊನ್ನಾವರದವರೇ, ನಿಮ್ಮ 4-16 ಓದಿದ ಮೇಲೆ ದೂರುವುದಕ್ಕೆ ಬಾಯಿ ಬರುತ್ತಿಲ್ಲ. ಆ ನಾಲ್ಕು ಸೋಲಿನಲ್ಲಿ ಮಿಶಿಗನ್‌ನದ್ದು ಕೋಚ್ ತಲೆಗೆ, ಉಳಿದ ಮೂರು ವಿಮಾನದ ತಲೆಗೆ ಅಂತ ಮಗಳ ಜೊತೆ ರಾಜಿ ಮಾಡಿಕೊಂಡಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ.

ಮಾಸ್ತರೇ, ಆ ಹುಬ್ಬಳ್ಳಿ ಸೆಕೆಂಡ್ ಶೋ ಯಾವ ವರ್ಷದ್ದು? ಧಾರವಾಡದಲ್ಲಿ ಒಮ್ಮೆ ನಮ್ಮ ಎದುರು ಒಂದು ಕರಾವಳಿ ಕಡೆಯ ತಂಡ ನಿಂತಲ್ಲೇ ತೂಕಡಿಸುತ್ತಿತ್ತು. ನಾವು ಗೆದ್ದ ಒಂದೇ ಮ್ಯಾಚ್ ಅದು. ಅದಕ್ಕೇ ಕೇಳಿದೆ.

ಅಂಕೋಲೆ_ಪಿಟಿ_ಮಾಸ್ತರ

ಇಸವಿ ನೆನಪಿಲ್ಲ ಮಾರಾಯ್ರೆ. ಅವರು ನೋಡಿದ ಸಿನಿಮಾ ಯಾವುದು ಅಂತಲೂ ಮರೆತುಹೋಗಿದೆ. 31 ಅಂಕದಲ್ಲಿ ಸೋತದ್ದು ಮಾತ್ರ ನೆನಪಿದೆ. ನಿಮ್ಮ ತಂಡದಲ್ಲಿ ಎಡಗೈಯಲ್ಲಿ ಬಾಲ್ ಹಾಕುವ ಒಬ್ಬ ಕನ್ನಡಕದ ಹುಡುಗ ಇದ್ದನಾ?